ಖಾಲಿ ಜೀಪಿನ ಹೆದರಿಕೆ

ಬಸರೀಕಟ್ಟೆಯಿಂದ ಕೊಪ್ಪಕ್ಕೆ ಟ್ರಿಪ್ ಜೀಪು ಓಡಿಸುತ್ತಿದ್ದ ವರ್ಷಗಳಲ್ಲಿ ನನಗೆ ಹೆದರಿಕೆಯ ಕಾಯಿಲೆ ಶುರುವಾಯಿತು. ಕಾಯಿಲೆ ಎನ್ನದೆ ಇನ್ನೇನೆನ್ನಲಿ? ಮೀಸೆ ಮೂಡುವ ಮೊದಲೇ ಸ್ಟೀರಿಂಗ್ ಹಿಡಿದವನು ನಾನು. ಅಂಥವನಿಗೆ ಅದೇ ರಸ್ತೆಯಲ್ಲಿ ಎದೆ ಧಸಕ್ಕೆನ್ನತೊಡಗಿತು. ಬೈಕೊಂದು ಮೈಮೇಲೆ ಬಿದ್ದಂತೆ ಬರುತ್ತಿತ್ತು. ದನ ಧುತ್ತೆಂದು ಎದುರಾಗುತ್ತಿತ್ತು. ಬ್ರೇಕ್ ಒತ್ತಿ ನಿಲ್ಲಿಸಿದ ಮೇಲೂ ಕಾಲು ಎಷ್ಟೋ ಹೊತ್ತು ನಡುಗುತ್ತಿತ್ತು.

ಮೊದಮೊದಲು ಹಾಗಾದದ್ದು ಜಯಪುರದ ಹತ್ತಿರ, ಚೌಡಿಯಮ್ಮನ ಕಲ್ಲಿರುವ ತಿರುವಿನಲ್ಲಿ. ನಮ್ಮ ಕಡೆಯ ಡ್ರೈವರುಗಳು ಅಲ್ಲಿ ಹಾರ್ನ್ ಹೊಡೆದು ಕೈ ಮುಗಿಯದೆ ದಾಟುವುದಿಲ್ಲ. ಯಾವತ್ತೋ ಮರೆತಿರಬೇಕು, ಅಮ್ಮ ಮುನಿದಿದ್ದಾಳೆ ಎಂದುಕೊಂಡೆ. ಕಾಯಿ ಒಡೆಸಿದೆ. ಆಮೇಲೆ ಕೋಳಿಯನ್ನೂ ಕೊಟ್ಟೆ. ಹೆದರಿಕೆ ಮಾತ್ರ ಜಗ್ಗಲಿಲ್ಲ. ‘ಕೋಳಿ ತಿಂದೂ ಸುಮ್ಮನಾಗ್ಲಿಲ್ಲ ಅಂದ್ರೆ ಅವಳಿಗೆ ಬೇರೆ ಎಂತದೋ ಹೇಳೋದುಂಟು’ ಎಂದಳು ನನ್ನ ಹೆಂಡತಿ. ಅವಳ ಮೇಲೆ ರೇಗಿದೆ. ಆಗ ನನಗೆ ಎಲ್ಲರ ಮೇಲೂ ರೇಗುವುದೇ ಕೆಲಸವಾಗಿತ್ತು.

ಆ ಹೊತ್ತಿಗೆ ಡೈರಿ ಬಂತು. ಕೊಟ್ಟವರು ದಿನಾ ಬೆಳಿಗ್ಗೆ ನನ್ನ ಎಡಪಕ್ಕದಲ್ಲಿ ಕೂತು ಜಯಪುರದ ಶಾಲೆಗೆ ಹೋಗುತ್ತಿದ್ದ ಮೇಷ್ಟ್ರು. ರಜೆಯಲ್ಲಿ ಶೃಂಗೇರಿಯಲ್ಲಿ ಯಾವುದೋ ಶಿಬಿರಕ್ಕೆ ಹೋಗಿ, ನಮ್ಮನ್ನು ನಾವು ತಿಳಿದುಕೊಳ್ಳಬೇಕಾದರೆ ದಿನಚರಿ ಬರೆಯಬೇಕೆಂದು ಕಲಿತು ಬಂದಿದ್ದರು. ಗೊಬ್ಬರದ ಅಂಗಡಿಯವರು ಹಂಚಿದ ಡೈರಿಯೊಂದನ್ನು ನನ್ನ ಕೈಗಿಟ್ಟರು. ‘ಎಲ್ಲಿ ಹೆದರಿಕೆ ಆಯ್ತು, ಆಗ ಎಂತ ನಡೀತು, ಜೊತೆಗೆ ಯಾರಿದ್ರು, ಅಷ್ಟೇ ಬರೀರಿ. ಕಾರಣ ಬರೀಬೇಡಿ. ಒಂದಷ್ಟು ದಿನ ಕಳೆದ ಮೇಲೆ ಕೂತು ಓದಿ.’

‘ಬರೆದ್ರೆ ಬ್ರೇಕ್ ಚೆನ್ನಾಗಿ ಹಿಡೀತದಾ ಮೇಷ್ಟ್ರೇ?’ ಎಂದೆ. ಅವರು ನಗಲಿಲ್ಲ.

ಬರೆದೆ. ಕೊಪ್ಪದ ಸ್ಟ್ಯಾಂಡಿನಲ್ಲಿ ಜನ ತುಂಬುವವರೆಗೆ ಮಾಡಲು ಬೇರೇನಿದೆ? ಸ್ಟೀರಿಂಗಿಗೆ ಡೈರಿ ಒರಗಿಸಿಕೊಂಡು ಗೀಚುತ್ತಿದ್ದರೆ ಉಳಿದ ಡ್ರೈವರುಗಳು ಇಣುಕಿ, ‘ಎಂತ ಮಾರಾಯ, ಕವಿ ಆಗಿಬಿಟ್ಯಾ?’ ಎನ್ನುತ್ತಿದ್ದರು. ಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಬರೆಯದಿದ್ದರೆ ಕಸಿವಿಸಿ. ಹೆದರಿದ್ದನ್ನು ಹೆಂಡತಿಗೂ ಬಾಯಿಬಿಟ್ಟು ಹೇಳದ ಗಂಡಸು ನಾನು, ಡೈರಿಗೆ ಹೇಳುತ್ತಿದ್ದೆ.

ನಮ್ಮ ಟ್ರಿಪ್ ಜೀಪು ಹತ್ತದವರಿಗೆ ಒಂದು ಮಾತು ಹೇಳಬೇಕು. ಮುಂದಿನ ಸೀಟಿನಲ್ಲೇ ಐದು ಜನ. ನನ್ನ ಬಲಕ್ಕೂ ಒಬ್ಬರು ಕೂತು, ನಾನು ಅರ್ಧ ಕುಂಡೆಯಲ್ಲಿ ಕೂತು ಓಡಿಸಬೇಕು. ಗೇರ್ ಹಾಕುವಾಗ ಪಕ್ಕದವರು ಮಂಡಿ ಸರಿಸಿಕೊಡಬೇಕು. ಹಾಗೆ ಕೂತವರು ಸುಮ್ಮನೆ ಕೂರುವುದೂ ಇಲ್ಲ. ‘ಬಸ್ಸು ಬಂತು’, ‘ಎಡಕ್ಕೆ ಸೈಕಲ್ ಉಂಟು, ನಿಧಾನ’ ಎಂದು ದಾರಿಯುದ್ದಕ್ಕೂ ವರದಿ ಒಪ್ಪಿಸುತ್ತಾರೆ. ಆ ವರ್ಷ ಅದು ಜಾಸ್ತಿಯೇ ಆಗಿತ್ತು. ‘ಸ್ಟೀರಿಂಗ್ ನೀವೇ ಹಿಡ್ಕೊಳ್ಳಿ ಹಾಗಾದ್ರೆ’ ಎಂದು ಗದರುತ್ತಿದ್ದೆ. ಒಂದು ತಿರುವು ಸುಮ್ಮನಿದ್ದು ಮತ್ತೆ ಶುರುಮಾಡುತ್ತಿದ್ದರು.

ಒಂದು ಭಾನುವಾರ ಕೊಪ್ಪದಲ್ಲಿ ಜನರನ್ನು ಇಳಿಸಿ, ವಾಪಸಿಗೆ ಜನ ಸಿಗದ ಎಷ್ಟೋ ದಿನಗಳಂತೆ ಖಾಲಿ ಬರುತ್ತಿದ್ದೆ. ಎಸ್ಟೇಟಿನ ಕಾಲುದಾರಿಯಿಂದ ಸೌದೆ ಹೊರೆ ಹೊತ್ತ ಹೆಂಗಸೊಬ್ಬಳು ರಸ್ತೆಗಿಳಿದಳು. ನನಗೆ ಕಂಡದ್ದು ಹೊರೆ ಬಾನೆಟ್ಟಿಗೆ ತಾಗಿದ ಮೇಲೆ. ಸೌದೆಯೆಲ್ಲ ರಸ್ತೆಗೆ ಚೆಲ್ಲಿತು. ಅವಳು ಚರಂಡಿಗೆ ಹಾರಿಕೊಂಡು ಬಚಾವಾದಳು. ದಿನಾ ನನ್ನ ಜೀಪಿನಲ್ಲೇ ಕೆಲಸಕ್ಕೆ ಹೋಗುವವಳು. ಬೈಯಲಿಲ್ಲ. ‘ಕೈ ಬೀಸಿದ್ದೆ ಅಣ್ಣಾ’ ಎಂದಷ್ಟೇ ಹೇಳಿ ಸೌದೆ ಆಯತೊಡಗಿದಳು. ನಾನೂ ಇಳಿದು ಆಯ್ದೆ. ಹೊರೆ ಕಟ್ಟಿ ಅವಳ ತಲೆಗೆ ಎತ್ತಿ ಕೊಟ್ಟೆ.

ಮಾರನೆಯ ಬೆಳಿಗ್ಗೆ ಅಂಗಳದ ಕಟ್ಟೆಯಲ್ಲಿ ಕೂತು ಡೈರಿಯನ್ನು ಮೊದಲಿಂದ ಓದಿದೆ. ಚೌಡಿ ತಿರುವಿನ ಹೆಸರು ಆರಂಭದಲ್ಲಿ ಬಿಟ್ಟರೆ ಮತ್ತೆಲ್ಲೂ ಇರಲಿಲ್ಲ. ಬದಲಿಗೆ ಪುಟಪುಟದಲ್ಲೂ ‘ಜೊತೆಗೆ ಯಾರೂ ಇಲ್ಲ’ ಎಂದಿತ್ತು. ಜೀಪು ತುಂಬಿದ್ದಾಗ ಒಂದು ಸಲವೂ ನಾನು ಹೆದರಿರಲಿಲ್ಲ. ಒಬ್ಬನೇ ಇದ್ದರೆ ಪುಕ್ಕಲನಾಗುತ್ತೇನೆಯೇ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು. ಆದರೆ ಮನೆಯದೂ ಒಂದು ಸಂಗತಿ ಬರೆದಿದ್ದೆ. ಹೆಂಡತಿ ಪಕ್ಕದಲ್ಲಿ ಬಂದು ನಿಂತು ಮಾತಾಡಿಸಿದಾಗ ಬೆಚ್ಚಿ ಕಾಫಿ ಚೆಲ್ಲಿಕೊಂಡದ್ದು. ಅವತ್ತು ನಾನು ಒಬ್ಬನೇ ಇರಲಿಲ್ಲವಲ್ಲ! ಅವಳು ಯಾವ ಪಕ್ಕದಲ್ಲಿ ನಿಂತಿದ್ದಳು? ಬೈಕು ಯಾವ ಕಡೆಯಿಂದ ಬಂದಿತ್ತು? ದನ? ಸೌದೆ ಹೊರೆ?

ಎಲ್ಲವೂ ಎಡಗಡೆಯಿಂದ.

ಬಲಗಣ್ಣನ್ನು ಅಂಗೈಯಿಂದ ಮುಚ್ಚಿದೆ. ಎದುರಿಗಿದ್ದ ತುಳಸಿಕಟ್ಟೆ ಮಾಯವಾಯಿತು. ಬೂದಿ ಬಣ್ಣದ ಮಬ್ಬು, ಅದರ ಮೂಲೆಯಲ್ಲಿ ಸ್ವಲ್ಪ ಬೆಳಕು, ಅಷ್ಟೇ. ಕೈ ತೆಗೆದೆ, ಕಟ್ಟೆ ಬಂತು. ಮುಚ್ಚಿದೆ, ಹೋಯಿತು. ಕಣ್ಣಿನೊಳಗಿನ ಒತ್ತಡಕ್ಕೆ ನರ ಸತ್ತಿದೆ, ಹೋದದ್ದು ವಾಪಸ್ ಬರುವುದಿಲ್ಲ, ಇನ್ನೊಂದನ್ನಾದರೂ ಉಳಿಸಿಕೊಳ್ಳೋಣ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದು ಆಮೇಲಿನ ಮಾತು. ಆ ಬೆಳಿಗ್ಗೆ ನನ್ನ ಕಣ್ಣಿನ ಚಿಂತೆಗಿಂತ ಹೆಚ್ಚಾಗಿ ಹೆದರಿಸಿದ್ದು ಮನೆಯೆದುರು ನಿಂತಿದ್ದ ಜೀಪು. ಅದರೊಳಗೆ ಆಗಲೇ ಜನ ಹತ್ತಿ ಕೂತಿದ್ದರು. ಮೇಷ್ಟ್ರು ಅವರ ಜಾಗದಲ್ಲಿದ್ದರು. ಸೌದೆಯವಳು ಹಿಂದೆ ಮಗುವನ್ನು ತೊಡೆಯಲ್ಲಿ ಕೂರಿಸಿಕೊಂಡಿದ್ದಳು.

ಬಾಗಿಲ ಹತ್ತಿರ ನಿಂತು ಹೇಳಿದೆ, ‘ಎಲ್ಲ ಇಳೀರಿ. ನನಗೆ ಎಡಗಣ್ಣು ಕಾಣ್ತಿಲ್ಲ.’

ಯಾರೂ ಇಳಿಯಲಿಲ್ಲ. ಅಯ್ಯೋ ಎಂದು ಒಬ್ಬರಾದರೂ ಉದ್ಗರಿಸುತ್ತಾರೆಂದು ಕಾದೆ. ಮೇಷ್ಟ್ರು ತಮ್ಮ ಚೀಲದ ಹಿಡಿಯನ್ನು ನೋಡುತ್ತ ಕೂತಿದ್ದರು. ಕೊನೆಗೆ ಸೌದೆಯವಳೇ ಬಾಯಿಬಿಟ್ಟಳು.

‘ನಮಗೆ ಗೊತ್ತು ಅಣ್ಣಾ. ದಿನಾ ಜೊತೆಗೆ ಕೂತವರಿಗೆ ಗೊತ್ತಾಗ್ದೆ ಇರ್ತದಾ? ಅದ್ಕೇ ಅಲ್ವಾ ಎಡಕ್ಕೆ ಬಂತು, ಎಡಕ್ಕೆ ಬಂತು ಅಂತ ಹೇಳ್ತಿದ್ದದ್ದು.’

‘ಹಾಗೇ ಮುಖಕ್ಕೆ ಹೇಳೋದಲ್ವಾ?’

‘ನಿಮಗೆ ಯಾರು ಹೇಳ್ತಾರೆ ಮಾರಾಯ್ರೇ? ನೀವು ಸಿಟ್ಟಲ್ಲಿ ಇಳಿಸಿಬಿಟ್ರೆ ಬೆಳಿಗ್ಗೆ ಬೇರೆ ಜೀಪು ಎಲ್ಲುಂಟು?’

‘ಹೆದರಿಕೆ ಆಗ್ತಿರ್ಲಿಲ್ವಾ ನಿಮಗೆ?’

‘ದಿನಾ ಆಗ್ತಿತ್ತು’ ಎಂದಳು, ಮಗುವಿನ ತಲೆ ನೇವರಿಸುತ್ತ.

ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲೇ ಅಂಗಳದಲ್ಲಿ ಕುಕ್ಕರಿಸಿದೆ. ಅಷ್ಟೊಂದು ಪುಟ ಬರೆದಿದ್ದೆನಲ್ಲ, ಅದರಲ್ಲಿ ಹೆದರಿದವನು ನಾನೊಬ್ಬನೇ.