ಎಂಟು ಹಾಕಿದರೆ ಕಾರು ನಿನ್ನದು

ನೀಲಕ್ಕ ಆಟದ ಕಾರನ್ನು ಬದನೆಕಾಯಿ ಆರಿಸುವ ಹಾಗೆ ಆರಿಸುತ್ತಿದ್ದರು. ಮೊದಲು ಮಗುಚಿ ಹೊಟ್ಟೆ ನೋಡುವುದು, ಆಮೇಲೆ ಚಕ್ರ ಹಿಡಿದು ಅಲುಗಾಡಿಸುವುದು, ಕೊನೆಗೆ ಅಂಗಡಿಯವನ ಮುಖವನ್ನು ಅನುಮಾನದಿಂದ ನೋಡುವುದು. ವಿಮಾ ಕಚೇರಿಯಲ್ಲಿ ಜನರ ಕ್ಲೇಮುಗಳನ್ನು ತಪಾಸಣೆ ಮಾಡಿ ನಿವೃತ್ತರಾದ ಹೆಂಗಸು. ಯಾರ ಮಾತನ್ನೂ ಸುಮ್ಮನೆ ನಂಬಿದವರಲ್ಲ. ಅವರ ತಂದೆ ಬಟ್ಟೆ ವ್ಯಾಪಾರಕ್ಕೆಂದು ಹುಬ್ಬಳ್ಳಿಯಿಂದ ಬಂದು ಮದ್ರಾಸಿನ ಮೈಲಾಪೂರಿನಲ್ಲಿ ನೆಲೆಸಿದವರು. ನೀಲಕ್ಕ ಮದುವೆಯಾಗಲಿಲ್ಲ. ಹಳೆಯ ಫ್ಲ್ಯಾಟಿನಲ್ಲಿ ನಮ್ಮ ಎದುರು ಮನೆ ಅವರದು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲಿ ಆಟದ ಕಾರಿನ ರಿಮೋಟು.

ನನ್ನ ಮಗಳು ಚಿನ್ಮಯಿ ಹುಟ್ಟುಹಬ್ಬಕ್ಕೆ ರಿಮೋಟ್ ಕಾರು ಬೇಕೆಂದು ಹಟ ಹಿಡಿದಾಗ ನಾನು ನೀಲಕ್ಕನನ್ನೇ ಕರೆದುಕೊಂಡು ಹೋದೆ. ಅಂಗಡಿಯವನು ಮಗಳನ್ನು ನೋಡಿದವನೇ, "ಪೊಣ್ಣುಕ್ಕಾ ಮೇಡಂ? ಪಿಂಕ್ ಇರುಕ್ಕು, ಪಾಟ್ಟೂ ಪಾಡುಂ" ಎಂದು ಹೆಣ್ಣುಮಕ್ಕಳಿಗೆಂದೇ ಮಾಡಿದ, ಹಾಡು ಹೇಳುವ ಗುಲಾಬಿ ಕಾರಿನ ಡಬ್ಬಿ ಮುಂದಿಟ್ಟ. ನನಗೆ ಮೈ ಉರಿಯಿತು, ಆದರೂ ಹಲ್ಲು ಕಚ್ಚಿ ನಕ್ಕೆ. ನೀಲಕ್ಕ ನಗಲಿಲ್ಲ. "ಹಾಡು ಬೇಕಿದ್ರ ರೇಡಿಯೋ ತಗೊಳ್ತಿದ್ವಿ, ಕಾರ್ ತಗಿ ಅಂತ ಹೇಳ್ರೀ ಇವ್ನಿಗೆ" ಎಂದು ನನಗೆ ಹೇಳಿ, ಅದನ್ನೇ ತಮಿಳಿನಲ್ಲಿ ಇನ್ನೂ ಖಾರವಾಗಿ ಅವನಿಗೂ ಹೇಳಿದರು.

ಅವನು ಈಗ ಕೆಂಪು ಡಬ್ಬಿ ತಂದ. ಅದರ ಮೇಲೆ ಕಾರಿನ ವೇಗವನ್ನು ಕಾರಿಗಿಂತ ದೊಡ್ಡದಾಗಿ ಅಚ್ಚು ಹಾಕಿದ್ದರು.

"ಡಬ್ಬಿ ಮ್ಯಾಲಿನ ಸ್ಪೀಡ್ ನೋಡಿ ಕಾರ್ ತಗೊಳ್ಳೋದು ಅಂದ್ರ ಫೋಟೋ ನೋಡಿ ಗಂಡನ್ನ ಒಪ್ಪಿದಂಗ. ಮೊದಲ್ನೇ ಕಾರು ಮೆತ್ತಗ ಹೋಗ್ಬೇಕು. ಮುರಿದ್ರ ಅದರ ಸಾಮಾನು ಇದೇ ಅಂಗಡ್ಯಾಗ ಸಿಗಬೇಕು. ಸ್ವಲ್ಪ ತಿರುಗಿಸಿದ್ರ ಸ್ವಲ್ಪ ತಿರುಗ್ಬೇಕು. ಒತ್ತಿದ ಕೂಡ್ಲೇ ಗರ್ರಂತ ತಿರುಗೋದು ಕಾರಲ್ಲ, ಬುಗುರಿ."

ಕೊನೆಗೆ ಗೋಡೆಯ ಮೇಲೆ ಗೇರು, ಆಕ್ಸಲ್ಲುಗಳ ಪೊಟ್ಟಣ ನೇತಾಡುತ್ತಿದ್ದ ಕಡೆಯಿಂದ ಒಂದು ಸಾದಾ ನೀಲಿ ಕಾರನ್ನು ಅವರೇ ಇಳಿಸಿದರು. ನಮ್ಮ ಕೈಗೆಟುಕುವ ಬೆಲೆಯದೇ. ಚಿನ್ಮಯಿ ಅದನ್ನು ದಾರಿಯುದ್ದಕ್ಕೂ ಎದೆಗೊತ್ತಿಕೊಂಡು ಬಂದಳು.

ಸಂಜೆ ಎಲ್ಲರೂ ಬೆಸೆಂಟ್ ನಗರದ ಬೀಚಿಗೆ ಹೊರಟೆವು. ನೀಲಕ್ಕ ಮೆಟ್ಟಿಲಿಗೆ ಅಡ್ಡ ನಿಂತರು. "ಈ ಊರಾಗ ಹೊಸಾ ಕಾರು ತಗೊಂಡವ್ರೆಲ್ಲಾ ಮೊದಲ್ನೇ ದಿನಾನ ಬೀಚಿಗೆ ಒಯ್ದು ಕೊಲ್ತಾರ. ಉಸುಕು ಗೇರ್ ಒಳಗ ಹೊಕ್ತದ, ಉಪ್ಪು ಬೇರಿಂಗ್ ತಿಂತದ. ನೀವು ಹೋಗ್ರಿ, ಕಡ್ಲಿ ಸುಂಡಲ್ ತಿಂದು ಬರ್ರಿ. ಕಾರು ಬರಂಗಿಲ್ಲ." ನನ್ನ ಗಂಡ ಅವರ ಕಣ್ಣು ನೋಡಿ, ಮಗಳ ಕೈಯಿಂದ ಕಾರು ಇಸಿದುಕೊಂಡು ಮೇಲೆ ಇಟ್ಟು ಬಂದರು.

ಕಾರು ಓಡಿಸುವ ಪಾಠ ನಡೆಯುತ್ತಿದ್ದುದು ಭಾನುವಾರ ಬೆಳಿಗ್ಗೆ, ಕೆಳಗಿನ ಪಾರ್ಕಿಂಗಿನಲ್ಲಿ. ಲೈಸೆನ್ಸಿಗೆ ಇಲ್ಲಿ ಎಲ್ಲರೂ ಎಂಟರ ಆಕಾರದಲ್ಲಿ ಗಾಡಿ ಓಡಿಸಿ ತೋರಿಸಬೇಕಲ್ಲ, ಹಾಗೆಯೇ ನೀಲಕ್ಕ ತಮ್ಮ ಎರಡು ಚಪ್ಪಲಿಗಳನ್ನು ದೂರ ದೂರ ಇಟ್ಟು, "ಎಂಟು ಹಾಕು" ಎನ್ನುತ್ತಿದ್ದರು. ಕಾರು ನಮ್ಮಿಂದ ದೂರ ಹೋಗುವಾಗ ಸುಲಭ. ತಿರುಗಿ ನಮ್ಮ ಕಡೆ ಬರುವಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಚಿನ್ಮಯಿ ಪ್ರತಿ ಸಲ ಅಲ್ಲೇ ಗೋಡೆಗೆ ಗುದ್ದುತ್ತಿದ್ದಳು. "ನೀ ಇಲ್ಲಿ ನಿಂತಿಲ್ಲವ್ವಾ, ಕಾರಿನ್ಯಾಗ ಕುಂತೀದಿ. ಕುಂತು ನೋಡು" ಎಂದು ನೀಲಕ್ಕ ಗದರುತ್ತಿದ್ದರು. ಮಗಳು ತಮಿಳಿನಲ್ಲಿ ಅಜ್ಜಿಯನ್ನು ಕರೆಯುವ ಹಾಗೆ, "ಸರಿ ಪಾಟ್ಟಿ" ಎಂದು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು.

ಒಂದು ದಿನ ಫ್ಲ್ಯಾಟಿನ ಸೆಕ್ರೆಟರಿ ಇಳಿದು ಬಂದು, ಹೆಣ್ಣುಮಗುವಿಗೆ ಇದೆಲ್ಲ ಏಕೆ, ವೀಣೆ ಕ್ಲಾಸಿಗೆ ಸೇರಿಸಬಾರದೇ ಎಂದರು. "ವೀಣಾನೂ ಕಲೀತಾಳ, ನಿಮ್ಮ ಸ್ಕೂಟರಿಗೂ ಗುದ್ದತಾಳ. ಹೊತ್ತು ಭಾಳ ಅದ ಆಕಿಗೆ" ಎಂದ ನೀಲಕ್ಕನ ಮಾತನ್ನು ನಾನು ತಮಿಳಿಗೆ ತಿರುಗಿಸಲು ಹೋಗಲಿಲ್ಲ.

ನೀಲಕ್ಕನದೊಂದು ಹಳದಿ ಕಾರಿತ್ತು. ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿ, ಊಟದ ಮೇಜಿನ ಮೇಲೆ ಹರಡಿಕೊಂಡು ತಾವೇ ಕಟ್ಟಿದ್ದು. ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಒಂದು ಭಾನುವಾರ ಅದನ್ನು ಚಿನ್ಮಯಿಯ ಮುಂದಿಟ್ಟು, "ಚಪ್ಪಲಿಗೆ ತಾಗಿಸದಂಗ ಎಂಟು ಹಾಕಿದ್ರ ಇದು ನಿಂದ" ಎಂದರು. ಪೆರಂಬೂರಿನಿಂದ ಅವರನ್ನು ನೋಡಲು ಬಂದಿದ್ದ ಅಣ್ಣನ ಮಗ ಮಹೇಶ ಪಕ್ಕದಲ್ಲೇ ಇದ್ದ. "ಕೇಳಿದಿಲ್ಲೋ ಮಹೇಶಾ?" "ಕೇಳಿದೆ ಅತ್ತಿ" ಎಂದು ಅವನು ನಕ್ಕ. ಆ ನಗು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಮುಂದಿನ ತಿಂಗಳು ನನ್ನ ಮಗಳು ಎಂಟು ಹಾಕಿದಳು. ಚಪ್ಪಲಿಯ ಅಂಚಿಗೂ ತಾಗಲಿಲ್ಲ. ನೀಲಕ್ಕ ಹೊಗಳುವ ಪೈಕಿ ಅಲ್ಲ, "ಹೂಂ. ಬ್ಯಾಟರಿ ಚಾರ್ಜಿಗೆ ಹಾಕಿಡ್ತೀನಿ. ನಾಳೆ ಸಾಲಿ ಬಿಟ್ಟ ಮ್ಯಾಲೆ ಬಂದು ಒಯ್ಯಿ" ಎಂದರು, ಅಷ್ಟೇ.

ಮರುದಿನ ಶಾಲೆ ಬಿಡುವ ಹೊತ್ತಿಗೆ ನೀಲಕ್ಕ ಇರಲಿಲ್ಲ. ಬೆಳಿಗ್ಗೆ ಪೂಜೆಗೆ ಕುಳಿತಲ್ಲೇ ಎದೆನೋವು ಬಂದಿತ್ತು.

ಸತ್ತವರ ಹೆಸರಿನಲ್ಲಿ ಮಾಡುವ ಶಿವಗಣಾರಾಧನೆಯ ದಿನ ನೀಲಕ್ಕನ ಮನೆಗೆ ಊಟಕ್ಕೆ ಕರೆದಿದ್ದರು. ಹೋಗಿ ನೋಡಿದರೆ ಮಹೇಶನ ಇಬ್ಬರು ಗಂಡುಮಕ್ಕಳು ಹಳದಿ ಕಾರನ್ನು ಸೋಫಾದ ಮೇಲಿಂದ ಬೀಳಿಸಿ ಆಡುತ್ತಿದ್ದರು. ನಾನು ಮಹೇಶನನ್ನು ಬದಿಗೆ ಕರೆದು ನೆನಪಿಸಿದೆ. ಅವನು ಮರೆತಿರಲಿಲ್ಲ. "ಅತ್ತಿ ಏನೋ ಮಾತಿಗೆ ಹೇಳಿದ್ರು ಬಿಡ್ರಿ. ಗಂಡ್ ಹುಡುಗ್ರು, ಭಾಳ ಆಸೆಪಟ್ಟಾವು. ಮನಿ ಸಾಮಾನು ಮನ್ಯಾಗ ಇರಲಿ. ಪಾಪುಗೆ ಬ್ಯಾರೆ ತಗಿದಿಟ್ಟೀನಿ" ಎಂದು ಒಳಗಿನಿಂದ ನೀಲಕ್ಕನ ಒಂದು ಇಳಕಲ್ ಸೀರೆ ತಂದ. ದೊಡ್ಡವಳಾದ ಮೇಲೆ ಉಟ್ಟುಕೊಳ್ಳಲಿ, ಎಂದ.

ಚಿನ್ಮಯಿ ಕೈ ಚಾಚಲಿಲ್ಲ. "ಸೀರೆ ವೇಂಡಾಂ ಅಂಕಲ್. ಅಂದ ಕಾರ್ ಎನ್ನೋಡದು" ಎಂದಳು. ಸೀರೆ ಬೇಡ, ಆ ಕಾರು ನನ್ನದು. ಮಹೇಶ ಅವಳ ತಲೆ ಸವರಿ ನಕ್ಕ, ಅದೇ ನಗು. ಊಟಕ್ಕೆ ಕುಳಿತವರೂ ನಕ್ಕರು, ಮಗು ಜಾಣೆ ಎಂದರು. ಕಾರು ಇನ್ನೊಮ್ಮೆ ಸೋಫಾದಿಂದ ಬಿತ್ತು.

ನಾನು ಬೈಯಬೇಕಿತ್ತು. ಸೀರೆಯನ್ನು ಕುರ್ಚಿಯ ಮೇಲೆ ಬಿಟ್ಟು, ಮಗಳ ಕೈ ಹಿಡಿದು ಎದ್ದು ಬಂದೆ. ಸಾವಿನ ಮನೆಯಿಂದ ಬಂದಿದ್ದರೂ ಆ ದಿನ ನನಗೆ ಅಳು ಬರಲಿಲ್ಲ. ನೀಲಕ್ಕ ಇನ್ನೊಂದೇ ಒಂದು ಗಳಿಗೆ ಎದ್ದು ಬರಬಾರದೇ ಅನಿಸಿತು. ನಮ್ಮನ್ನು ಸಮಾಧಾನ ಮಾಡಲು ಅಲ್ಲ, ಅವನಿಗೆ ಬೈಯಲು.