ಅಕ್ಕಾರಿಗೆ ತಪ್ಪಿದ ಕೋಚ್ ಹುದ್ದೆ

ಬೆಟಗೇರಿಯ ಅರಳೆ ವ್ಯಾಪಾರಿಯೊಬ್ಬರು ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ತಂಡ ಕಟ್ಟಿ, ಆಟಗಾರ್ತಿಯರಿಗೆ ಸಂಬಳವನ್ನೂ ಕೊಡುತ್ತಾರೆಂದರೆ ಮೊದಮೊದಲು ನಮ್ಮ ಕಡೆ ಯಾರೂ ನಂಬಲಿಲ್ಲ. ಎರಡನೆಯ ವರ್ಷ ಮುಖ್ಯ ಕೋಚ್ ಬಿಟ್ಟು ಹೋದರು. ಹೊಸಬರನ್ನು ಆರಿಸಲು ಮೂವರು ಕೂತೆವು: ಮಾಲೀಕರು, ತಂಡದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಅವರ ಅಳಿಯ, ಮತ್ತು ಶಿರಹಟ್ಟಿಯ ಶಾಲೆಯೊಂದರಲ್ಲಿ ಆಟ ಕಲಿಸುವ ನಾನು. ಒಂದು ಕಾಲಕ್ಕೆ ರಾಜ್ಯ ತಂಡದಲ್ಲಿ ಆಡಿದ್ದೆನೆಂದು ನನ್ನನ್ನು ಕರೆದಿದ್ದರು.

ಕೊನೆಗೆ ಇಬ್ಬರು ಉಳಿದರು. ಒಬ್ಬ ಮೈಸೂರು ಕಡೆಯ ತರುಣ. ಇನ್ನೊಬ್ಬರು ನನ್ನ ಅಕ್ಕಾರು.

ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಾವು ಕರೆಯುವುದೇ ಹಾಗೆ. ನಮ್ಮೂರು ಬೆಳ್ಳಟ್ಟಿಯಲ್ಲಿ ನನ್ನ ಕೈಗೆ ಮೊದಲು ಚೆಂಡು ಕೊಟ್ಟವರು ಅವರು. ಮಗಳು ಚಡ್ಡಿ ಹಾಕಿಕೊಂಡು ಆಡುವುದು ಬೇಡವೆಂದು ಅಪ್ಪ ಹಟ ಹಿಡಿದಾಗ ಅವರು ನಮ್ಮ ಹೊಲಕ್ಕೇ ಬಂದಿದ್ದರು. "ಈಕಿ ಆಟಕ್ಕಂತನ ಹುಟ್ಟ್ಯಾಳ್ರಿ. ಮನ್ಯಾಗ ಕುಂದರ್ಸಿ ಏನ ಮಾಡ್ತೀರಿ?" ಎಂದು ಶೇಂಗಾ ಬಳ್ಳಿಗಳ ನಡುವೆ ನಿಂತು ವಾದಿಸಿದ್ದರು. ಅಪ್ಪ ಒಪ್ಪಿದ. ನನ್ನ ನೌಕರಿ, ನನ್ನ ಊಟ ಎಲ್ಲವೂ ಆ ಒಪ್ಪಿಗೆಯಿಂದ ಬಂದದ್ದು.

ಅರ್ಜಿ ಹಾಕಿದ ಮೇಲೆ ಅಕ್ಕಾರು ಫೋನ್ ಮಾಡಿದರು. "ತಂಗಿ, ನೀ ಒಳಗ ಅದಿ ಅಂದ ಮ್ಯಾಲೆ ನನಗೇನ ಚಿಂತಿ?" ಎಂದು ನಕ್ಕರು. ನಾನೂ ನಕ್ಕೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ. ಬೆಳ್ಳಟ್ಟಿಯಲ್ಲಿ ಅವ್ವ ಆಗಲೇ ಅವರ ಹೆಸರಿನಲ್ಲಿ ಕಾಯಿ ಒಡೆಸಿದ್ದಳು. ಮಾಲೀಕರಂತೂ, "ನಿಮ್ಮ ಗುರುಗಳು, ನಮ್ಮ ಕಡೀಯವ್ರು. ನೀವು ಹೂಂ ಅಂದ್ರ ಆತ್ರಿ" ಎಂದುಬಿಟ್ಟರು. ಅಳಿಯನಿಗೆ ಆ ತರುಣನೇ ಬೇಕಿತ್ತು. ಅಲ್ಲಿಗೆ ಎಲ್ಲವೂ ನನ್ನ ಬಾಯಿಗೆ ಬಂದು ನಿಂತಿತು.

ಇಬ್ಬರಿಗೂ ಒಂದೊಂದು ದಿನ ಗದಗಿನ ಅಂಕಣದಲ್ಲಿ ತಂಡವನ್ನು ಒಪ್ಪಿಸಿದೆವು. ಅಕ್ಕಾರ ದಿನ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದ ಹುಡುಗಿಯೊಬ್ಬಳು ಓಡಲಾರದೆ ನಿಂತಳು. "ಬಿಚ್ಚ ಅದನ್ನ. ಓಡು, ನೋವು ತಾನ ಹೋಕ್ಕೈತಿ" ಎಂದು ಅಕ್ಕಾರು ಕೂಗಿದರು. ಹುಡುಗಿ ಓಡಿದಳು, ತುಟಿ ಕಚ್ಚಿಕೊಂಡು. ಮರುದಿನ ಆ ತರುಣ ಅದೇ ಹುಡುಗಿಯನ್ನು ಕೂರಿಸಿ, ಕಾಲು ಮುಟ್ಟಿ ನೋಡಿ, ಡಾಕ್ಟರರಿಗೆ ತೋರಿಸದೆ ಅಂಕಣಕ್ಕೆ ಇಳಿಯಬೇಡ ಎಂದ. ಉಳಿದವರಿಗೆ, ಎದುರಾಳಿಗಳು ಮೂಲೆಯಲ್ಲಿ ಮುತ್ತಿಕೊಂಡಾಗ ಚೆಂಡನ್ನು ಹೊರಗೆ ದಾಟಿಸುವ ಬಗೆಯನ್ನು ತೋರಿಸಿದ. ಆ ಸಂಜೆ ತಂಡದ ನಾಯಕಿ ಮೆಟ್ಟಿಲ ಬಳಿ ನನ್ನ ಕೈ ಹಿಡಿದಳು. "ಮೇಡಮ್, ಅಕ್ಕಾರು ಬ್ಯಾಡ್ರಿ. ನಾ ಹೇಳೇನಿ ಅಂತ ಮಾತ್ರ ಹೇಳಬ್ಯಾಡ್ರಿ."

ಹಾಗಾಗಿ ಅವಳ ಹೆಸರನ್ನು ಯಾರ ಮುಂದೂ ಹೇಳುವಂತಿರಲಿಲ್ಲ. ಆ ವಾರ ಮನೆಯಲ್ಲಿ ಯಾರು ಏನು ಕೇಳಿದರೂ ಸಿಡುಕುತ್ತಿದ್ದೆ. ಸಮಿತಿಯಿಂದ ಬಿಡಿಸಿರೆಂದು ಮಾಲೀಕರನ್ನು ಕೇಳಿದೆ. "ಈಗ ಬಿಟ್ರ ಮಂದಿ ಏನಂದಾರ್ರಿ?" ಎಂದರು. ಸಭೆಯಲ್ಲಿ ಆ ತರುಣನ ಹೆಸರು ಹೇಳಿದೆ. ಮಾಲೀಕರು ಕೈಯಲ್ಲಿದ್ದ ಅರ್ಜಿಗಳನ್ನು ಮಡಚಿಟ್ಟರು. ಆಮೇಲೆ, "ಅಕ್ಕಾರಿಗೆ ನೀವ ಹೇಳಿಬರ್ರಿ ಮತ್ತ" ಎಂದರು.

ಅಕ್ಕಾರು ಈಗ ಇರುವ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ದಾರಿಯಲ್ಲಿ ಅಡರಕಟ್ಟಿ ಬಂದಾಗ ಇಳಿದು ತಿರುಗಿ ಹೋಗಿಬಿಡೋಣವೆನಿಸಿತು. ಇಳಿಯಲಿಲ್ಲ.

ಅಕ್ಕಾರು ಅವಲಕ್ಕಿ ಒಗ್ಗರಣೆ ಹಾಕಿಟ್ಟಿದ್ದರು. ಸುದ್ದಿ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಕಾರಣ ಹೇಳು" ಎಂದರು. ಆ ಹುಡುಗಿಯ ಕಾಲಿನ ವಿಷಯ ತೆಗೆದೆ.

"ನಿನ್ನ ಮೊಣಕಾಲೂ ಹಂಗ ಬಾತಿತ್ತು. ನಾ ಓಡಸಲಿಲ್ಲೇನು? ಅವತ್ತ ಕುಂದರ್ಸಿದ್ರ ನೀ ರಾಜ್ಯಕ್ಕ ಆಡ್ತಿದ್ದೇನು?"

ಅದು ನಿಜ. ಆದರೂ ನನ್ನ ಬಾಯಿಂದ ಮಾತು ಬಂದೇಬಿಟ್ಟಿತು: "ಆ ಮೊಣಕಾಲು ಇವತ್ತಿಗೂ ಮೆಟ್ಟಲಾ ಹತ್ತಾಕ ಬಿಡಂಗಿಲ್ರಿ, ಅಕ್ಕಾರ."

ಅವರು ನನ್ನ ಕಾಲಿನ ಕಡೆ ನೋಡಿದರು. ಇಷ್ಟು ವರ್ಷಗಳಲ್ಲಿ ಅವರಿಗೆ ಅದನ್ನು ಹೇಳಿರಲಿಲ್ಲ. ಹೇಳಬೇಕೆಂದು ಅಂದುಕೊಂಡೂ ಇರಲಿಲ್ಲ. ಅವರ ಮುಖ ಇಳಿದುಹೋಯಿತು. ಎದ್ದು, "ಅವಲಕ್ಕಿ ತಿನ್ರಿ ಮೇಡಮ್ಮಾರ, ಬಸ್ಸಿಗೆ ಹೊತ್ತಾಕ್ಕೈತಿ" ಎಂದರು. ಅವರು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ತಟ್ಟೆ ಖಾಲಿ ಮಾಡಿಯೇ ಎದ್ದೆ.

ತಂಡ ಆ ವರ್ಷ ಚೆನ್ನಾಗಿಯೇ ಆಡಿತು. ಆ ತರುಣ ಈಗಲೂ ಕೋಚ್ ಆಗಿದ್ದಾನೆ. ಮತ್ತೆ ಕೇಳಿದರೂ ಅದೇ ಹೆಸರು ಹೇಳುತ್ತೇನೆ. ಆದರೆ ಅವ್ವ ಇಂದಿಗೂ ಆ ಮಾತು ಬಂದರೆ ಎದ್ದು ಒಳಗೆ ಹೋಗುತ್ತಾಳೆ.

ಕಳೆದ ಚಳಿಗಾಲ ಮುಂಡರಗಿಯಲ್ಲಿ ಶಾಲೆಗಳ ಪಂದ್ಯವಿತ್ತು. ಅಂಕ ಬರೆಯಲು ನನ್ನನ್ನೂ ಅಕ್ಕಾರನ್ನೂ ಒಂದೇ ಮೇಜಿಗೆ ಹಾಕಿದ್ದರು. ಬಿಸಿಲು ಅವರ ಕಣ್ಣು ಕುಕ್ಕುತ್ತಿತ್ತು. ನನ್ನ ಕುರ್ಚಿಗೆ ನೆರಳಿತ್ತು. ಜಾಗ ಬದಲಿಸೋಣವೆಂದೆ. "ಬ್ಯಾಡ್ರಿ, ನನಗ ರೂಢಿ ಐತಿ" ಎಂದು ಅಂಕಣದ ಮೇಲಿನ ಕಣ್ಣು ಕೀಳದೆ ಹೇಳಿದರು. ಆಟ ಇನ್ನೂ ಅರ್ಧ ಉಳಿದಿತ್ತು.