ಮೀಟರಪ್ಪನ ಮುಯ್ಯಿ

ವಿಮಾನ ನಿಲ್ದಾಣದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನನ್ನು ಮೀಟರಪ್ಪ ಎಂದು ಕರೆಯುತ್ತಿದ್ದರು. ಹೊಗಳಿಕೆಯಲ್ಲ, ಹಂಗಿಸಲು ಇಟ್ಟ ಹೆಸರು. ಹೊರದೇಶದಿಂದ ಬಂದಿಳಿದವರು, ಊರಿನ ಗಂಧಗಾಳಿ ಇಲ್ಲದವರು ಬಂದು ಹಿಂದಿನ ಸೀಟಿನಲ್ಲಿ ಕೂತರೂ ಇವನು ಮೀಟರು ಹಾಕಿ, ನೇರ ದಾರಿಯಲ್ಲಿ ಹೋಗಿ, ಚಿಲ್ಲರೆ ವಾಪಸು ಕೊಡುತ್ತಿದ್ದ. ಮಿಕ್ಕವರಿಗೆ ಇದು ಹೊಟ್ಟೆಯ ಮೇಲೆ ಹೊಡೆದ ಹಾಗೆ. "ನೀನೊಬ್ಬ ಮೀಟರ್ ಹಾಕಿದ್ರೆ ಜನ ನಮ್ಮನ್ನೂ ಕೇಳ್ತಾರೆ ಕಣಯ್ಯಾ" ಎಂದು ಬೈಯುತ್ತಿದ್ದರು. ಬೈದಷ್ಟೂ ಮೀಟರಪ್ಪ ಒಳಗೊಳಗೇ ಬೀಗುತ್ತಿದ್ದ. ಅವನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕಾರುಗಳಿಗೆ ಸೀಟ್ ಕವರ್ ಹೊಲಿಯುವವಳು; ಸ್ಟ್ಯಾಂಡಿನ ಅರ್ಧ ಗಾಡಿಗಳ ಸೀಟು ಅವಳ ಕೈಯದೇ. "ನೀವು ಒಳ್ಳೆಯೋರು ಅನ್ನೋದಕ್ಕಿಂತ ನೀವೊಬ್ಬರೇ ಒಳ್ಳೆಯೋರು ಅನ್ನೋದು ನಿಮಗೆ ರುಚಿ" ಎಂದು ಅವಳು ಹೇಳುವುದಿತ್ತು. ಹೆಂಡತಿ ಹೇಳಿದ್ದನ್ನು ಕೇಳಿಸಿಕೊಂಡರೆ ಅವನು ಮೀಟರಪ್ಪ ಹೇಗಾದಾನು?

ಅದೇ ಸ್ಟ್ಯಾಂಡಿನಲ್ಲಿ ಬೆಣ್ಣೆ ಎಂಬುವನಿದ್ದ. ಬಂದು ಎರಡು ವರ್ಷವಾಗಿತ್ತಷ್ಟೆ. ಮಾತು ಬೆಣ್ಣೆ, ಕೈ ಕತ್ತರಿ. ತಲೆಗೆ ಟೋಪಿ, ಕೈಯಲ್ಲಿ ನಕ್ಷೆ, ಮುಖದಲ್ಲಿ ಬೆಪ್ಪು ಇರುವ ಪ್ರಯಾಣಿಕರು ಕಂಡರೆ ಸಾಲು ಮುರಿದು ಓಡಿಬರುವನು. ಅಕ್ಕಾ, ಅಣ್ಣಾ ಎಂದು ವರಸೆ ಹಚ್ಚಿ, ಮಗಳ ಫೋಟೋ ತೋರಿಸಿ, ಸ್ಟಿಯರಿಂಗ್ ಮೇಲೆ ತಾಳ ಹಾಕಿ ಒಂದು ಹಾಡನ್ನೂ ಹಾಡಿ, ಹತ್ತಿರದ ಹೋಟೆಲಿಗೆ ಊರೆಲ್ಲಾ ಸುತ್ತಿಸಿ ಕರೆದೊಯ್ಯುವನು. ಇಳಿಯುವ ಹೊತ್ತಿಗೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮೂರು ಪಟ್ಟು ಬಾಡಿಗೆ ತೆಗೆದುಕೊಂಡಿರುತ್ತಿದ್ದ. ಸುಲಿಸಿಕೊಂಡವರು ಕೈಕುಲುಕಿ ಹೋಗುತ್ತಿದ್ದರು.

ಆದರೆ ಒಬ್ಬ ಹೆಂಗಸು ಕೈಕುಲುಕಲಿಲ್ಲ. ರಸೀದಿ ಕೇಳಿದಳು. ಸ್ಟ್ಯಾಂಡಿನ ಪದ್ಧತಿಯಂತೆ ಡ್ರೈವರು ಚೀಟಿಯ ಮೇಲೆ ತನ್ನ ಸ್ಟ್ಯಾಂಡ್ ನಂಬರನ್ನು ಕೈಯಲ್ಲೇ ಬರೆದುಕೊಡಬೇಕು. ಅವಳ ಡ್ರೈವರು ಬರೆದದ್ದು ಮೀಟರಪ್ಪನ ನಂಬರು. ಆಕೆ ತನ್ನ ದೇಶಕ್ಕೆ ಮರಳಿದ ಮೇಲೆ ಸ್ಟ್ಯಾಂಡಿನ ಸಂಘದ ಕಾರ್ಯದರ್ಶಿಗೆ ದೂರು ಬಂತು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತ್ತು. "ದಾರಿಯುದ್ದಕ್ಕೂ ಹಾಡುತ್ತಿದ್ದ" ಎಂದು ದೂರಿನಲ್ಲೇ ಇತ್ತು. ಸ್ಟ್ಯಾಂಡಿನಲ್ಲಿ ಹಾಡುವ ಗಂಟಲು ಒಂದೇ. ಮೀಟರಪ್ಪ ಕಾರ್ಯದರ್ಶಿಯ ಮೇಜು ಬಡಿದು ಅದನ್ನೇ ಹೇಳಿದ. ಕಾರ್ಯದರ್ಶಿ ಕೆಟ್ಟವನಲ್ಲ, ಆದರೆ ಕಾಗದ ನೋಡುವ ಮನುಷ್ಯ. "ಹಾಡು ಸಾಕ್ಷಿ ಆಗಲ್ಲಪ್ಪಾ. ಅವನೇ ಅಂತ ರುಜುವಾತು ತಾ, ಅವತ್ತೇ ನಿನ್ನ ಜಾಗ ನಿನಗೆ. ಅಲ್ಲೀವರೆಗೂ ಹೊರಗಿರು" ಎಂದ.

ಹೊರಗೆ ಬಂದಾಗ ನಡೆದದ್ದೇ ಅವನ ಎದೆ ಸುಟ್ಟದ್ದು. ಡ್ರೈವರುಗಳು ಬೈಯಲಿಲ್ಲ, ಹಂಗಿಸಲಿಲ್ಲ. ಸುತ್ತುವರಿದು ಬೆನ್ನು ತಟ್ಟಿದರು. "ಅಂತೂ ನಮ್ಮೋನಾದೆ ಬಿಡಪ್ಪಾ! ಇಷ್ಟು ವರ್ಷ ಭಾರೀ ಸೋಗು ಹಾಕಿದ್ದೆ" ಎಂದು ಒಬ್ಬ ನಕ್ಕ. ಬೆಣ್ಣೆ ಒಂದು ಲೋಟ ಕಾಫಿ ತಂದು ಕೈಗಿಟ್ಟು, "ಕುಡಿ ಅಣ್ಣಾ, ಯಾರಿಗೂ ಆಗೋದೇ" ಅಂದ. ಆ ಕಾಫಿಯನ್ನು ಅವನ ಮುಖಕ್ಕೆ ಎರಚದೆ ಇದ್ದದ್ದಕ್ಕೆ ಮೀಟರಪ್ಪ ಆಮೇಲೆ ಪ್ರತಿದಿನ ತನ್ನನ್ನು ತಾನೇ ಶಪಿಸಿಕೊಂಡ.

ಅವನು ಸಗಟು ಮಾರುಕಟ್ಟೆಯ ಹಿಂದೆ ನಿಂತು ಸಿಕ್ಕಿದ ಬಾಡಿಗೆಗೆ ಓಡಿಸತೊಡಗಿದ. ಈರುಳ್ಳಿ ಮೂಟೆ, ನೆಂಟರ ಜಗಳ, ಸೋರುವ ಡಬ್ಬ, ಎಲ್ಲವನ್ನೂ ಹೊತ್ತ. ಗಾಡಿಯ ವಾಸನೆ ಕೆಟ್ಟಿತು. ಅದಕ್ಕಿಂತ ಹೆಚ್ಚು ಅವನ ಬಾಯಿ ಕೆಟ್ಟಿತು. ಊಟಕ್ಕೆ ಕೂತರೆ ಬೆಣ್ಣೆ, ಮಲಗಿದರೆ ಬೆಣ್ಣೆ. ಹೆಂಡತಿ ರೆಕ್ಸಿನ್ ತುಂಡುಗಳ ನಡುವಿನಿಂದ ತಲೆ ಎತ್ತಿ, "ರೀ, ಅವನ ಮನೆ ಹಾಳಾಗ್ಲಿ, ನೀವು ಬಿಟ್ಬಿಡ್ರೀ. ಮಾರುಕಟ್ಟೆ ಬಾಡಿಗೇಲೂ ಹೊಟ್ಟೆ ತುಂಬ್ತಿದೆಯಲ್ಲ" ಎಂದಳು.

"ಹೊಟ್ಟೆ ತುಂಬಿದ್ರೆ ಆಯ್ತೇನೇ? ನನ್ನ ಹೆಸರು ತಿಂದೋನು ತೇಗ್ತಾ ಕೂತಿದಾನೆ. ಅವನ್ನ ಸ್ಟ್ಯಾಂಡಿಂದ ಬೀದಿಗೆ ಬೀಳಿಸೋವರೆಗೂ ನನಗೆ ನಿದ್ದೆ ಬರಲ್ಲ."

ಉಪಾಯ ಹೊಳೆದದ್ದು ನರ್ಸಮ್ಮನ ಫೋನು ಬಂದಾಗ. ಈಕೆ ಹೊರದೇಶದ ನಿವೃತ್ತ ನರ್ಸು. ಇಲ್ಲಿನ ದಾದಿಯರ ಶಾಲೆಯಲ್ಲಿ ಪಾಠ ಹೇಳಲು ವರ್ಷಕ್ಕೊಮ್ಮೆ ಬಂದು ಎರಡು ತಿಂಗಳು ಇರುವವಳು. ಬಂದಾಗಲೆಲ್ಲ ಮೀಟರಪ್ಪನದೇ ಗಾಡಿ, ಹೊರಡುವ ಮುನ್ನ ಅವನಿಗೇ ಫೋನು. ನಮ್ಮ ಮಾತನ್ನು ಪುಸ್ತಕದ ಹಾಗೆ ಬಿಡಿಸಿ ಬಿಡಿಸಿ ಆಡುವಳು. ಅವನು ತನ್ನ ಕಥೆಯನ್ನೆಲ್ಲ ಹೇಳಿ, "ಈ ಸಲ ನೀವು ಅವನ ಗಾಡೀಲಿ ಬನ್ನಿ ಅಮ್ಮಾ. ಟೋಪಿ ಹಾಕ್ಕೊಳ್ಳಿ, ಕಪ್ಪು ಕನ್ನಡಕ ಹಾಕ್ಕೊಳ್ಳಿ, ನಕ್ಷೆ ಬಿಚ್ಚಿ ನಿಂತ್ಕೊಳ್ಳಿ. ನಮ್ಮ ಮಾತು ಬರುತ್ತೆ ಅಂತ ತೋರಿಸ್ಬೇಡಿ. ಅವನೇ ಓಡಿಬರ್ತಾನೆ, ಸುತ್ತಿಸ್ತಾನೆ, ಕೀಳ್ತಾನೆ. ಇಳಿಯುವಾಗ ಗಟ್ಟಿಯಾಗಿ ಜಗಳ ಮಾಡಿ ಚೀಟಿ ಕೇಳಿ. ಬೇರೆ ಯಾರದೋ ನಂಬರ್ ಬರೀತಾನೆ. ಅಷ್ಟು ಸಾಕು" ಎಂದ.

"ಬಲೆ ಹಾಕುವುದು ನನಗೆ ಇಷ್ಟವಿಲ್ಲ. ಆದರೆ ನಿನಗೆ ಅನ್ಯಾಯವಾಗಿದೆ. ಕೂತುಕೊಳ್ಳುತ್ತೇನೆ. ಅವನು ಮಾಡಿದ್ದನ್ನು ಮಾಡಿದ ಹಾಗೆ ನಿಮ್ಮ ಕಾರ್ಯದರ್ಶಿಗೆ ಹೇಳುತ್ತೇನೆ" ಎಂದಳು ನರ್ಸಮ್ಮ.

ಆಕೆ ಬಂದಿಳಿಯುವ ದಿನ ಮೀಟರಪ್ಪ ಗಡ್ಡ ಕೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನರ್ಸಮ್ಮ ಇಳಿದುಕೊಳ್ಳುವ ಅತಿಥಿಗೃಹದ ಎದುರಿನ ಸೈಕಲ್ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಕೂತ. ಬೆಣ್ಣೆಯ ಸುತ್ತುದಾರಿ ಅವನಿಗೆ ಬಾಯಿಪಾಠ: ಆಟದ ಮೈದಾನದ ಹಿಂಭಾಗ, ರೈಲ್ವೆ ಗೇಟು, ಹೊಳೆಯ ಮೇಲಿನ ಎರಡೂ ಸೇತುವೆ. ಈಗ ಮೈದಾನ ದಾಟಿರಬೇಕು ನನ್ಮಗ, ಈಗ ಹಾಡು ಶುರು ಮಾಡಿರಬೇಕು ಎಂದು ಎಣಿಸುತ್ತ ಬಾಯಲ್ಲಿ ಬೆಲ್ಲ ಇಟ್ಟುಕೊಂಡವನ ಹಾಗೆ ಚಪ್ಪರಿಸಿದ. ಮಾರುಕಟ್ಟೆಯ ಹಿಂದೆ ತಾನು ನಿಲ್ಲುವ ಜಾಗದಲ್ಲಿ ಬೆಣ್ಣೆ ಈರುಳ್ಳಿ ಮೂಟೆ ಏರಿಸುವುದು ಅವನ ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ಬೆಣ್ಣೆಯ ಗಾಡಿ ಗೇಟಿನ ಮುಂದೆ ಬಂದು ನಿಂತಿತು. ಇಷ್ಟು ಬೇಗ ಬರುವುದು ಸಾಧ್ಯವೇ ಇರಲಿಲ್ಲ. ಬೆಣ್ಣೆ ಇಳಿದು ಬಾಗಿಲು ತೆರೆದ. ನರ್ಸಮ್ಮನ ಪೆಟ್ಟಿಗೆಯನ್ನು ತಾನೇ ಹೊತ್ತು ಮೆಟ್ಟಿಲ ಮೇಲಿಟ್ಟ. ಅವಳು ಕೊಟ್ಟ ನೋಟಿಗೆ ಚಿಲ್ಲರೆ ಕೊಟ್ಟು, ಹೊರಟುಹೋದ. ಜಗಳವಿಲ್ಲ, ಚೀಟಿಯಿಲ್ಲ.

ಮೀಟರಪ್ಪ ಅವಳ ಕೋಣೆಗೆ ಓಡಿದ. ಅವಳು ಮಂಚದ ಅಂಚಿನಲ್ಲಿ ಕೂತು ಬೂಟು ಬಿಚ್ಚುತ್ತಿದ್ದಳು.

"ಎಷ್ಟು ಕಿತ್ತ, ಹೇಳಿ ಅಮ್ಮಾ!"

"ಮೀಟರು ತೋರಿಸಿದಷ್ಟು" ಎಂದಳು ಆಕೆ. ಮುಖದಲ್ಲಿ ನಾಚಿಕೆಯಿತ್ತು. "ಎರಡು ವಿಮಾನ ಬದಲಾಯಿಸಿ ಬಂದೆನಲ್ಲ, ನಿಲ್ದಾಣ ದಾಟುವ ಮೊದಲೇ ನಿದ್ದೆ ಬಂದುಬಿಟ್ಟಿತು. ಎಚ್ಚರವಾದಾಗ ಇಲ್ಲಿದ್ದೆ. ಅವನು ರೇಡಿಯೋ ಕೂಡ ಆರಿಸಿದ್ದ."

ಮೀಟರಪ್ಪ ಹಣೆ ಚಚ್ಚಿಕೊಂಡ. ಆ ಸ್ಟ್ಯಾಂಡಿನಲ್ಲಿ ಯಾರೂ ಬರೆದಿಡದ ಒಂದು ಕಟ್ಟಳೆ ಇತ್ತು. ಎಚ್ಚರವಿದ್ದವರನ್ನು ಎಷ್ಟು ಬೇಕಾದರೂ ಸುಲಿ. ನಿದ್ದೆ ಹೋದವರನ್ನು ಮಾತ್ರ ಸುತ್ತಿಸಬಾರದು. ನಂಬಿ ಕಣ್ಣು ಮುಚ್ಚಿದವರು ಮಡಿಲಲ್ಲಿ ಮಲಗಿದ ಕೂಸಿದ್ದ ಹಾಗೆ, ಅವರನ್ನು ನೇರ ದಾರಿಯಲ್ಲಿ ಒಯ್ದು ಇಳಿಸಬೇಕು. ಅದನ್ನು ಮುರಿದರೆ ಗಾಡಿ ಕೈಕೊಡುತ್ತದೆ ಎಂದು ಎಂಥ ಕಳ್ಳನೂ ಹೆದರುತ್ತಿದ್ದ. ಮೀಟರಪ್ಪ ಎಲ್ಲರನ್ನೂ ನೇರ ದಾರಿಯಲ್ಲೇ ಒಯ್ಯುವವನಾದ್ದರಿಂದ ಆ ಕಟ್ಟಳೆ ಅವನಿಗೆ ಎಂದೂ ಬೇಕಾಗಿರಲಿಲ್ಲ. ಟೋಪಿ ಹೇಳಿದ, ಕನ್ನಡಕ ಹೇಳಿದ, ನಿದ್ದೆ ಮಾಡಬೇಡಿ ಎನ್ನುವುದನ್ನು ಮರೆತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಹೋಗ್ಲಿ ಬಿಡಿ ಅಮ್ಮಾ. ಮೂರು ಪಟ್ಟು ತಗೊಂಡ ಅಂತ ಹೇಳಿಬಿಡಿ. ಒಂದೇ ಮಾತು. ಅವನು ನನ್ನ ಮೇಲೆ ಸುಳ್ಳು ಹಾಕ್ಲಿಲ್ವಾ? ಮುಳ್ಳನ್ನ ಮುಳ್ಳಿಂದಾನೇ ತೆಗೀಬೇಕು."

"ಇಲ್ಲಪ್ಪಾ. ಅವನು ಮಾಡದೇ ಇದ್ದದ್ದನ್ನು ನಾನು ಹೇಗೆ ಹೇಳಲಿ?" ಆಕೆ ಬಿಚ್ಚಿದ ಬೂಟನ್ನು ಮಂಚದ ಕೆಳಗೆ ಸರಿಸಿದಳು. "ಒಂದು ವಾರ ಬಿಟ್ಟು ಇನ್ನೊಮ್ಮೆ ಕೂತುಕೊಳ್ಳುತ್ತೇನೆ. ಆಗ ಎಚ್ಚರವಾಗಿರುತ್ತೇನೆ."

ಒಂದು ವಾರ! ಒಂದು ಗಂಟೆ ಕಾಯುವಷ್ಟು ತಾಳ್ಮೆಯೂ ಅವನಲ್ಲಿ ಉಳಿದಿರಲಿಲ್ಲ. ಬೆಣ್ಣೆ ಆ ಪೆಟ್ಟಿಗೆ ಹೊತ್ತದ್ದು, ಸಭ್ಯನ ಹಾಗೆ ಚಿಲ್ಲರೆ ಕೊಟ್ಟದ್ದು ಕಣ್ಣು ಚುಚ್ಚುತ್ತಿತ್ತು. ಸುಲಿದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ಮೀಟರಪ್ಪ ಮೂಗು ಕೊಯ್ದುಕೊಳ್ಳಲು ನೆಟ್ಟಗೆ ಸ್ಟ್ಯಾಂಡಿಗೆ ಹೋದ.

ಕಾರ್ಯದರ್ಶಿಯ ತಗಡಿನ ಕೋಣೆಯಲ್ಲಿ ಪಾಳಿ ಬದಲಾಗುವ ಹೊತ್ತು. ಡ್ರೈವರುಗಳು ಗೋಡೆಗೊರಗಿ ನಿಂತಿದ್ದರು, ಬೆಣ್ಣೆಯೂ ಇದ್ದ. "ಇವತ್ತು ಇವನು ನರ್ಸಮ್ಮನ ಹತ್ರ ಮೂರು ಪಟ್ಟು ಕಿತ್ತಿದಾನೆ! ಚೀಟಿ ಕೇಳಿದ್ರೆ ನನ್ನ ನಂಬರ್ ಹೇಳಿದಾನೆ!" ಎಂದು ಮೀಟರಪ್ಪ ಬೊಬ್ಬಿಟ್ಟ. ಎಂಟು ವರ್ಷದ ಪರಿಚಯ. ಎಲ್ಲರೆದುರು ತನ್ನನ್ನು ಸುಳ್ಳುಗಾರ ಮಾಡುವಷ್ಟು ಕಲ್ಲೆದೆ ಆಕೆಗಿರಲಾರದು ಎಂದು ಅವನ ಎಣಿಕೆ. ಕಾರ್ಯದರ್ಶಿ ಅವಳ ನಂಬರು ಕೇಳಿ ಫೋನು ಹಚ್ಚಿ, ಎಲ್ಲರಿಗೂ ಕೇಳಿಸುವಂತೆ ಮೇಜಿನ ಮೇಲಿಟ್ಟ.

ಮೀಟರಪ್ಪ ಹೇಳಿದ್ದನ್ನೇ ಹೇಳಿ, ನಿಜವೇ ಎಂದು ಕೇಳಿದ.

"ಆ ಡ್ರೈವರು ಮೀಟರಿನಷ್ಟೇ ತೆಗೆದುಕೊಂಡ" ಎಂದಿತು ನರ್ಸಮ್ಮನ ದನಿ. "ಮೀಟರಪ್ಪ ಒಳ್ಳೆಯವನು. ಅವನಿಗೆ ತುಂಬ ನೋವಾಗಿದೆ, ಅದಕ್ಕೆ..."

ಕಾರ್ಯದರ್ಶಿ ಫೋನು ಇಟ್ಟ. ಬೈಯಲಿಲ್ಲ. "ಹಿಂದಿನ ದೂರಿನಲ್ಲೂ ನೀನು ಸುಳ್ಳು ಹೇಳಿದ್ದೆ ಅಂತ ಈಗ ಗೊತ್ತಾಯ್ತು. ಇನ್ನು ಈ ಕಡೆ ಬರ್ಬೇಡ" ಎಂದಷ್ಟೇ ಹೇಳಿ ಪಾಳಿ ಪುಸ್ತಕ ತೆರೆದ.

ಮೀಟರಪ್ಪ ಅಂಗಳಕ್ಕೆ ಬಂದ. ಈ ಸಲ ಯಾರೂ ಬೆನ್ನು ತಟ್ಟಲಿಲ್ಲ, ದಾರಿ ಬಿಟ್ಟು ನಿಂತರು. ಬೆಣ್ಣೆ ಒರೆಸುಬಟ್ಟೆ ಹಿಡಿದು ಹತ್ತಿರ ಬಂದ. ಅವನ ಮಾತಿನಲ್ಲಿ ಆಗ ಅಕ್ಕರೆಯೂ ಇರಲಿಲ್ಲ, ಹಾಡೂ ಇರಲಿಲ್ಲ.

"ಆವತ್ತು ಚೀಟಿ ಮೇಲೆ ನಿನ್ನ ನಂಬರ್ ಬರೆದೋನು ನಾನೇ" ಎಂದ ಮೆಲ್ಲಗೆ. "ಹೋಗು, ಒಳಗೆ ಹೋಗಿ ಹೇಳು."

ಮೀಟರಪ್ಪ ಕೂಗಲು ಬಾಯಿ ತೆರೆದ. ಸುತ್ತ ನಿಂತವರೆಲ್ಲ ಅವನನ್ನೇ ನೋಡುತ್ತಿದ್ದರು. ಅವರಲ್ಲಿ ಯಾರ ಮುಖ ನೋಡಿ ಹೇಳುವುದೆಂದು ಅವನಿಗೆ ತಿಳಿಯಲಿಲ್ಲ.